ಐದು ವರ್ಷದ ಗಂಡು ನಾಯಿಗೆ ಈಗ ಆಪರೇಷನ್ ಮಾಡಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಪು ಹತ್ರ, ಹೈವೇಯಿಂದ ಸ್ವಲ್ಪ ಒಳಗೆ. ಜಾಕಿ ಅಂತ ಒಂದು ಗಂಡು ನಾಯಿ ಉಂಟು, ಊರ ನಾಯಿಗೂ ಲ್ಯಾಬ್‌ಗೂ ಹುಟ್ಟಿದ್ದು, ಈಗ 5 ವರ್ಷ, 26 ಕೆಜಿ. ಕಳೆದ ಸಲ ಚೌತಿ ಕಳೆದ ಮೇಲೆ ಪಾಗಾರ ಹಾರಿ ಹೋದವ 3 ದಿನ ಬರ್ಲೇ ಇಲ್ಲ, ಬರುವಾಗ ಕಿವಿ ಹರಿದಿತ್ತು, ಕಾಲಲ್ಲಿ ಕಚ್ಚಿದ ಗಾಯ. ಕಾರಿನ ಟೈರ್, ಸಿಟೌಟ್ ಕಂಬ ಎಲ್ಲದಕ್ಕೂ ಮೂತ್ರ ಹೊಯ್ತಾನೆ. ಆಚೆಮನೆ ಗಂಡು ನಾಯಿ ಕಂಡ್ರೆ ಆಗುದೇ ಇಲ್ಲ. ಮನೆಗೆ ಯಾರಾದ್ರೂ ಬಂದ್ರೆ ಹಿಂದೆ ಹಿಂದೆ ಸರೀತಾ ಗುರ್ ಅಂತಾನೆ, ಮೊನ್ನೆ ಗ್ಯಾಸ್ ಸಿಲಿಂಡರ್ ತಂದವರ ಪ್ಯಾಂಟೇ ಹಿಡಿದ. ತಮ್ಮ ಆಪರೇಷನ್ ಮಾಡಿಸುವ ಅಂತಾನೆ. ಅಮ್ಮ ಅದು ಪಾಪ, ಮತ್ತೆ ಅವ ಮನೆ ಕಾಯ್ಲಿಕ್ಕೂ ಆಗದ ಹಾಗೆ ಆಗ್ತಾನೆ, ಬೇಕಾದ್ರೆ ಒಂದು ಸಲ ಹೆಣ್ಣು ನಾಯಿ ಜೊತೆ ಬಿಡಿ, ಸರಿ ಆಗ್ತಾನೆ ಅಂತಾರೆ. ಪಕ್ಕದ ಮನೆಯವರು ಇಷ್ಟು ಪ್ರಾಯ ಆದ ಮೇಲೆ ಮಾಡಿಸಿ ಉಪಯೋಗ ಇಲ್ಲ ಅಂತಾರೆ. ಎಂತ ಮಾಡುದು?

ಉತ್ತರ: ನನ್ನ ಅಭಿಪ್ರಾಯ ಮೊದ್ಲೇ ಹೇಳ್ತೇನೆ, ಜಾಕಿಗೆ ಆಪರೇಷನ್ ಮಾಡಿಸಿ, ಅಂದ್ರೆ ಎರಡೂ ವೃಷಣ ತೆಗೆಸಿ. ಆದ್ರೆ ನೀವು ಬರೆದ ನಾಲ್ಕು ತೊಂದರೆಯಲ್ಲಿ ಒಂದಕ್ಕೆ ಮಾತ್ರ ಇದ್ರಿಂದ ಒಳ್ಳೆ ಗುಣ ಸಿಗ್ತದೆ, ಎರಡಕ್ಕೆ ಅರ್ಧಂಬರ್ಧ, ಮತ್ತೊಂದಕ್ಕೆ ಎಂತದೂ ಆಗ್ಲಿಕ್ಕಿಲ್ಲ. ಯಾವುದಕ್ಕೆ ಎಷ್ಟು ಅಂತ ಈಗಲೇ ತಿಳ್ಕೊಂಡು ಮಾಡಿಸಿ, ಯಾಕಂದ್ರೆ ಆಪರೇಷನ್ ಆಗಿ ಮೂರು ತಿಂಗಳಿಗೆ "ಡಾಕ್ಟ್ರೇ, ಅವ ಈಗ್ಲೂ ಗುರ್ ಅಂತಾನಲ್ಲ" ಅಂತ ಬೇಜಾರಲ್ಲಿ ಬರುವವರನ್ನು ನಾನು ಯಾವಾಗ್ಲೂ ನೋಡ್ತಾ ಇರ್ತೇನೆ, ಅಲ್ಲಿ ನಾಯಿಯದ್ದೂ ತಪ್ಪಿಲ್ಲ, ಆಪರೇಷನ್‌ದೂ ತಪ್ಪಿಲ್ಲ, ಹೇಳ್ಬೇಕಾದ್ದನ್ನು ಯಾರೂ ಮೊದ್ಲು ಹೇಳಿರುದಿಲ್ಲ ಅಷ್ಟೆ.

ಒಳ್ಳೆ ಗುಣ ಸಿಗುದು ಪಾಗಾರ ಹಾರಿ ಊರು ಸುತ್ತುವುದಕ್ಕೆ. ನಮ್ಮ ಊರ ಬೀದಿ ಹೆಣ್ಣು ನಾಯಿಗಳು ಹೆಚ್ಚಾಗಿ ಮಳೆ ಕಡಿಮೆ ಆಗ್ತಾ ಬರುವಾಗ ಹೀಟ್‌ಗೆ ಬರ್ತವೆ, ಅಷ್ಟಮಿ ಚೌತಿ ಹೊತ್ತಿಗೆ ಶುರುವಾದ್ರೆ ದೀಪಾವಳಿವರೆಗೂ ಒಂದಲ್ಲ ಒಂದು ಇರ್ತದೆ, ಒಂದು ಹೆಣ್ಣು ನಾಯಿಯ ಹೀಟೇ ಸುಮಾರು ಮೂರು ವಾರ. ಆ ವಾಸನೆ ಗಾಳಿಯಲ್ಲಿ ಬಂದ ಮೇಲೆ ಗಂಡು ನಾಯಿಗೆ ಅನ್ನವೂ ಬೇಡ, ನೀವೂ ಬೇಡ. ಜಾಕಿ ಚೌತಿ ಕಳೆದ ಮೇಲೆ ಹೋದದ್ದು ಅಂತ ನೀವೇ ಬರೆದಿದ್ದೀರಲ್ಲ, ಅದು ಇದೇ ಲೆಕ್ಕ. 1976ರಲ್ಲಿ ಅಮೆರಿಕಾದಲ್ಲಿ 42 ದೊಡ್ಡ ಪ್ರಾಯದ ಗಂಡು ನಾಯಿಗಳನ್ನು ಆಪರೇಷನ್ ಆದ ಮೇಲೆ ಗಮನಿಸಿದ್ರು, ಊರು ಸುತ್ತುವ ಚಾಳಿ ಇದ್ದವುಗಳಲ್ಲಿ ನೂರಕ್ಕೆ 90ರಷ್ಟು ನಾಯಿಗಳಲ್ಲಿ ಅದು ಕಡಿಮೆ ಆಯ್ತು. ಆಮೇಲೆ 1997ರಲ್ಲಿ ಎರಡು ವರ್ಷ ದಾಟಿದ ಮೇಲೆ ಆಪರೇಷನ್ ಆದ 57 ನಾಯಿಗಳ ಬಗ್ಗೆ ಮತ್ತೊಂದು ಅಧ್ಯಯನ ಬಂತು, ಅದರ ಲೆಕ್ಕ ಇಷ್ಟು ದೊಡ್ಡದಿಲ್ಲ, ಸುತ್ತುದು, ಮೂತ್ರ ಹೊಯ್ಯುದು, ಮೈಮೇಲೆ ಹತ್ತುದು ಇವುಗಳಲ್ಲಿ ನೂರಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ನಾಯಿಗಳಿಗೆ ಅರ್ಧಕ್ಕರ್ಧ ಆದ್ರೂ ಕಡಿಮೆ ಆಗಿತ್ತು. ಆದ್ರೆ ನಿಮ್ಮ ಪಕ್ಕದ ಮನೆಯವರಿಗೆ ಬೇಕಾದ ಉತ್ತರ ಅದರಲ್ಲೇ ಉಂಟು: ನಾಯಿಯ ಪ್ರಾಯ ಎಷ್ಟು, ಆ ಚಾಳಿ ಎಷ್ಟು ವರ್ಷದ್ದು ಅನ್ನುವುದಕ್ಕೂ ಗುಣ ಸಿಗುವುದಕ್ಕೂ ಸಂಬಂಧ ಕಾಣ್ಲಿಲ್ಲ. 5 ವರ್ಷ ತಡ ಅಲ್ಲ. ಎಂಟು ಒಂಬತ್ತು ವರ್ಷದ ನಾಯಿಗಳಿಗೂ ನಾವು ಮಾಡ್ತೇವೆ, ರಕ್ತ ಪರೀಕ್ಷೆ ಸರಿ ಇದ್ರೆ.

ನಿಮ್ಮ ಮನೆ ಇರುದು ಹೈವೇ ಹತ್ರ. ನನಗೆ ಇದೇ ದೊಡ್ಡ ಕಾರಣ. ಹೆಣ್ಣು ನಾಯಿ ಹಿಂದೆ ಹೋಗುವ ಗಂಡು ನಾಯಿ ರಸ್ತೆ ನೋಡುದಿಲ್ಲ, ಅದೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಬರುವ ಲಾರಿ ಬಸ್ಸುಗಳ ಮುಂದೆ. ಸೊಂಟ ಮುರಿದು, ಹಿಂದಿನ ಎರಡು ಕಾಲು ಎಳ್ಕೊಂಡು, ಗೋಣಿಯಲ್ಲಿ ಮಲಗಿಸಿ ತರುವ ನಾಯಿಗಳಲ್ಲಿ ಎಷ್ಟೋ ಆಪರೇಷನ್ ಆಗದ ಗಂಡು ನಾಯಿಗಳೇ, ಕೇಳಿದ್ರೆ "ನಿನ್ನೆ ಸಂಜೆಯಿಂದ ಇರ್ಲಿಲ್ಲ ಡಾಕ್ಟ್ರೇ" ಅಂತಾರೆ. ಅದನ್ನು ನೋಡಿದವ ನಾನು, ಹಾಗಾಗಿ ಈ ವಿಷಯದಲ್ಲಿ ನಾನು ಮಧ್ಯದಲ್ಲಿ ನಿಂತು ಮಾತಾಡುದಿಲ್ಲ.

ಇದರ ನಡುವೆ ಒಂದು ತುರ್ತು ಮಾತು. ಅವ ಗೊತ್ತಿಲ್ಲದ ನಾಯಿಗಳ ಹತ್ರ ಕಚ್ಚಿಸ್ಕೊಂಡು ಬಂದಿದ್ದ ಅಂದ್ರಲ್ಲ, ಆಗ ರೇಬಿಸ್ ಇಂಜೆಕ್ಷನ್ ಹಾಕಿಸಿದ್ರಾ? ಪ್ರತಿ ವರ್ಷ ಹಾಕಿಸುವ ನಾಯಿಗೂ ಹಾಗೆ ಗಾಯ ಆದ್ರೆ ಗಾಯವನ್ನು ಸೋಪ್ ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಕೂಡ್ಲೆ ಬೂಸ್ಟರ್ ಕೊಡಿಸ್ಬೇಕು, ಒಮ್ಮೆಯೂ ಹಾಕಿಸದ ನಾಯಿ ಆದ್ರೆ ಕೋರ್ಸೇ ಮಾಡ್ಬೇಕು. ಹಾಕಿಸದೆ ಇದ್ರೆ ಈ ಉತ್ತರ ಆಮೇಲೆ ಓದಿ, ಮೊದ್ಲು ಅವನನ್ನು ಕರ್ಕೊಂಡು ಹೋಗಿ.

ಟೈರಿಗೆ ಕಂಬಕ್ಕೆ ಮೂತ್ರ ಹೊಯ್ಯುದು, ಆಚೆಮನೆ ನಾಯಿ ಜೊತೆ ಜಗಳ, ಇವೆರಡು ಅರ್ಧಂಬರ್ಧದ ಲೆಕ್ಕ. ಮೂತ್ರದ ಗುರುತು ಹಾಕುದು ಅರ್ಧದಷ್ಟು ನಾಯಿಗಳಲ್ಲಿ ಚೆನ್ನಾಗಿ ಕಡಿಮೆ ಆಗ್ತದೆ, ಉಳಿದವುಗಳಿಗೆ ಅಭ್ಯಾಸ ಆಗಿ ಹೋಗಿರ್ತದೆ. ಟೈರಿಗೆ ಹೊಯ್ದ್ರೆ ಹೊಯ್ಲಿ ಬಿಡಿ, ನಿಮ್ಮ ಕಾರು ಎಲ್ಲೆಲ್ಲಿಯ ನಾಯಿಗಳ ವಾಸನೆ ಹೊತ್ಕೊಂಡು ಬರ್ತದೋ ಅವನಿಗೇ ಗೊತ್ತು. ಸಿಟೌಟ್ ಕಂಬವನ್ನು ಮಾತ್ರ ವಾಸನೆ ಪೂರ್ತಿ ಹೋಗುವ ಹಾಗೆ ತೊಳೀರಿ. ಜಗಳದ ವಿಷಯ ಸ್ವಲ್ಪ ಬೇರೆ, ಗಂಡು ಗಂಡುಗಳ ಜಗಳ ವೃಷಣದಿಂದ ಬರುವ ಹಾರ್ಮೋನಿಂದ ಆದ್ರೆ ಕಡಿಮೆ ಆಗ್ತದೆ, ಆದ್ರೆ ಆಚೆಮನೆ ನಾಯಿಗೂ ಜಾಕಿಗೂ ಈಗ ವೈಯಕ್ತಿಕ ದ್ವೇಷ ಬೆಳೆದಿದ್ರೆ ಅದು ಹಾಗೇ ಉಳೀತದೆ, ಎರಡನ್ನೂ ದೂರ ಇಡುದೇ ದಾರಿ. ಆಚೆಮನೆಯವರೂ ಅವರ ನಾಯಿಗೆ ಮಾಡಿಸಿದ್ರೆ ಒಳ್ಳೇದು, ಒಟ್ಟಿಗೆ ಮಾತಾಡಿ ನೋಡಿ.

ಈಗ ಜನ ಬಂದ್ರೆ ಗುರ್ ಅನ್ನುದು. ಇದರ ಬಗ್ಗೆ ಸ್ವಲ್ಪ ಉದ್ದ ಹೇಳ್ಬೇಕಾಗ್ತದೆ. "ಹಿಂದೆ ಹಿಂದೆ ಸರೀತಾ" ಅಂತ ನೀವು ಬರೆದದ್ದೇ ನನಗೆ ಮುಖ್ಯ ಆಯ್ತು. ಮುಂದಿನ ಸಲ ಯಾರಾದ್ರೂ ಗೇಟ್ ತೆರೆಯುವಾಗ ಅವನ ಬಾಲ ನೋಡಿ, ಕೆಳಗೆ ಹೋಗ್ತದಾ, ಕಿವಿ ಹಿಂದಕ್ಕೆ ಅಂಟಿದ ಹಾಗೆ ಇರ್ತದಾ, ಮೈಯ ಭಾರ ಹಿಂದಿನ ಕಾಲ ಮೇಲೆ ಉಂಟಾ, ನಾಲಿಗೆಯಿಂದ ಮೂಗು ನೆಕ್ಕಿಕೊಳ್ತಾನಾ, ಕಣ್ಣಿನ ಬಿಳಿ ಕಾಣ್ತದಾ. ಇದೆಲ್ಲ ಹೆದರಿಕೆಯ ಗುರುತು. ಜಾಕಿ ಸಿಲಿಂಡರ್‌ನವರ ಪ್ಯಾಂಟ್ ಹಿಡಿದದ್ದು ಧೈರ್ಯದಿಂದ ಅಲ್ಲ, ಧಡ್ ಅಂತ ಶಬ್ದ ಮಾಡುವ ದೊಡ್ಡ ವಸ್ತು ಹೊತ್ಕೊಂಡು ಗುರ್ತ ಇಲ್ಲದ ಮನುಷ್ಯ ಅಂಗಳದೊಳಗೆ ಬಂದಾಗ ಓಡ್ಲಿಕ್ಕೆ ಜಾಗ ಇಲ್ಲದೆ ಹಿಡಿದದ್ದು. ಹೆದರಿಕೆ ವೃಷಣದಿಂದ ಬರುದಲ್ಲ. ಆಪರೇಷನ್ ಮಾಡಿದ್ರೆ ಇದು ಹೋಗುದಿಲ್ಲ, ಕೆಲವು ಹೆದರು ನಾಯಿಗಳು ಆಮೇಲೆ ಮತ್ತಷ್ಟು ಹೆದರುದೂ ಉಂಟು. ಜಾಕಿಗೆ ಇದೊಂದೇ ತೊಂದರೆ ಇದ್ದು, ಪಾಗಾರದ ಒಳಗೇ ಇರುವವ ಆಗಿದ್ರೆ, ನಾನು ನಿಮಗೆ ಈಗ ಬೇಡ ಅಂತಲೇ ಹೇಳ್ತಿದ್ದೆ.

ಇದಕ್ಕೆ ಮಾಡ್ಬೇಕಾದ್ದು ಬೇರೆ. ಜನ ಬರ್ತಾರೆ ಅಂತ ಗೊತ್ತಾದ್ರೆ ಗೇಟ್ ತೆರೆಯುವ ಮೊದ್ಲೇ ಅವನನ್ನು ಒಳಗಿನ ಕೋಣೆಗೋ ಹಿತ್ತಿಲಿಗೋ ಕಳಿಸಿ, ಅಂಗಳದಲ್ಲಿ ಚೈನ್ ಹಾಕಿ ಬಂದವರ ಎದುರೇ ಕಟ್ಟಿ ಹಾಕ್ಬೇಡಿ, ಕಟ್ಟಿದ ನಾಯಿಗೆ ಹೆದರಿಕೆ ಜಾಸ್ತಿ. ಗುರ್ ಅಂದದ್ದಕ್ಕೆ ಬೈಬೇಡಿ ಹೊಡೀಬೇಡಿ, ಗುರ್ ಅನ್ನುದು ಅವನು ಕೊಡುವ ಎಚ್ಚರಿಕೆ, ಅದನ್ನು ಹೊಡೆದು ನಿಲ್ಲಿಸಿದ್ರೆ ನಾಳೆ ಎಚ್ಚರಿಕೆ ಇಲ್ಲದೆ ನೇರ ಕಚ್ತಾನೆ. ಪರಿಚಯದವರು ಯಾರಾದ್ರೂ ಒಪ್ಪಿದ್ರೆ ಅವರನ್ನು ಅವನು ಗುರ್ ಅನ್ನದಷ್ಟು ದೂರದಲ್ಲಿ ನಿಲ್ಲಿಸಿ, ಅವನ ಕಡೆ ನೋಡದೆ, ಮುಳ್ಳು ತೆಗೆದ ಬೇಯಿಸಿದ ಮೀನಿನ ತುಂಡು ಅವನ ಕಡೆ ಬಿಸಾಡ್ಲಿಕ್ಕೆ ಹೇಳಿ, ಹೀಗೆ ದಿನಾ ಸ್ವಲ್ಪ ಸ್ವಲ್ಪ, ವಾರಗಟ್ಟಲೆ. ನಿಧಾನದ ಕೆಲಸ ಮಾರಾಯ್ರೆ, ಆದ್ರೆ ಆಗ್ತದೆ.

ಅಮ್ಮನ ಮಾತಿಗೆ ಬರ್ತೇನೆ. ಅವರನ್ನು ತಳ್ಳಿ ಹಾಕಿ ಗುಟ್ಟಲ್ಲಿ ಮಾಡಿಸ್ಬೇಡಿ, ದಿನಾ ಅವನಿಗೆ ಅನ್ನ ಹಾಕುದು ಬಹುಶಃ ಅವರೇ. ಮನೆ ಕಾಯುದು ನಿಲ್ತದೆ ಅನ್ನುವ ಹೆದರಿಕೆ ಬೇಡ ಅಂತ ಹೇಳಿ, ಮನೆ ನನ್ನದು, ಹೊರಗಿನವ ಬಂದ, ಬೊಗಳ್ಬೇಕು ಅನ್ನುದು ಹಾರ್ಮೋನಿಂದ ಬರುದಲ್ಲ, ಆಪರೇಷನ್ ಆದ ಹೆಣ್ಣು ನಾಯಿಗಳು ಎಷ್ಟು ಚೆನ್ನಾಗಿ ಮನೆ ಕಾಯ್ತವೆ ನೋಡಿ. ಮನೆ ಬಿಟ್ಟು ಮೂರು ದಿನ ಸುತ್ತುವವ ಆ ಮೂರು ರಾತ್ರಿ ಯಾವ ಮನೆ ಕಾದ ಅಂತಲೂ ಕೇಳಿ. ಒಂದು ಸಲ ಹೆಣ್ಣು ನಾಯಿ ಜೊತೆ ಬಿಟ್ರೆ ಸಮಾಧಾನ ಆಗ್ತಾನೆ ಅನ್ನುದು ಮಾತ್ರ ಸರಿಯಲ್ಲ, ರುಚಿ ಗೊತ್ತಾದವ ಮತ್ತೂ ಹೋಗ್ತಾನೆ, ಮತ್ತೆ ಹುಟ್ಟುವ ಆರೇಳು ಮರಿಗಳು ಯಾರ ಮನೆಗೆ? ಮಳೆಗಾಲ ಕಳೆದ ಮೇಲೆ ಮೀನು ಮಾರ್ಕೆಟ್ ಹಿಂದೆ, ಶಾಲೆ ಗೇಟ್ ಹತ್ರ, ರಟ್ಟಿನ ಬಾಕ್ಸಲ್ಲಿ ಇನ್ನೂ ಕಣ್ಣು ಬಿಡದ ಮರಿಗಳನ್ನು ಬಿಟ್ಟು ಹೋಗಿರ್ತಾರಲ್ಲ, ಹೆಚ್ಚಾಗಿ ಹೆಣ್ಣು ಮರಿಗಳೇ. ಪಾಪ ಅಂದ್ರೆ ನನ್ನ ಮಟ್ಟಿಗೆ ಅದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಬೀದಿ ನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಸಾಕಿದ ನಾಯಿಯದ್ದು ಸಾಕಿದವರ ಜವಾಬ್ದಾರಿ ಅಂತಲೇ ಉಂಟು. ಅಂದ ಹಾಗೆ ಜಾಕಿ ಕುತ್ತಿಗೆಗೆ ಫೋನ್ ನಂಬರ್ ಬರೆದ ಬೆಲ್ಟ್ ಹಾಕಿ, ಇವತ್ತೇ.

ಆರೋಗ್ಯದ ಲೆಕ್ಕ ಎರಡೂ ಕಡೆ ಉಂಟು, ಎರಡನ್ನೂ ಹೇಳ್ತೇನೆ. ಮೊದ್ಲು ಒಂದು ಕೆಲಸ ಮಾಡಿ, ಅವ ಆರಾಮಲ್ಲಿ ನಿಂತಿರುವಾಗ ಹಿಂದಿನಿಂದ ಕೈ ಹಾಕಿ ಎರಡು ವೃಷಣವೂ ಚೀಲದಲ್ಲಿ ಉಂಟಾ ಮುಟ್ಟಿ ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಗಾತ್ರ, ನುಣುಪು, ಒತ್ತಿದ್ರೆ ನೋವಿಲ್ಲ ಅಂದ್ರೆ ಸರಿ. ಒಂದೇ ಸಿಕ್ಕಿದ್ರೆ ಇನ್ನೊಂದು ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆ ಅಂತ ಲೆಕ್ಕ, ಹಾಗೆ ಒಳಗೆ ಉಳಿದದ್ದರಲ್ಲಿ ಗಡ್ಡೆ ಆಗುವ ಅಪಾಯ ಹತ್ತು ಪಟ್ಟಿಗಿಂತಲೂ ಜಾಸ್ತಿ, ಆಗ ಆಪರೇಷನ್ ಬೇಕಾ ಬೇಡವಾ ಅನ್ನುವ ಚರ್ಚೆಯೇ ಇಲ್ಲ. ಒಂದು ದೊಡ್ಡ ಒಂದು ಸಣ್ಣ, ಅಥವಾ ಗಟ್ಟಿ ಗಂಟು ಸಿಕ್ಕಿದ್ರೂ ತಡ ಮಾಡ್ಬೇಡಿ.

ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗುದು ಆಪರೇಷನ್ ಆಗದ ಗಂಡು ನಾಯಿಗಳಲ್ಲಿ ಐದಾರು ವರ್ಷಕ್ಕೇ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಶುರುವಾಗಿರ್ತದೆ, ಎಲ್ಲದಕ್ಕೂ ತೊಂದರೆ ಕೊಡ್ಲಿಕ್ಕಿಲ್ಲ. ಕೊಟ್ರೆ ಸಂಡಾಸಿಗೆ ಕೂತು ತಿಣುಕುದು, ಮಲ ಪಟ್ಟಿಯ ಹಾಗೆ ಚಪ್ಪಟೆ ಬರುದು, ಮೂತ್ರ ಹೊಯ್ಯದೆ ಇರುವಾಗಲೂ ತುದಿಯಿಂದ ರಕ್ತ ಹನಿಯುದು, ಹೀಗೆ. ಆಪರೇಷನ್ ಮಾಡಿದ್ರೆ ಕೆಲವೇ ವಾರಗಳಲ್ಲಿ ಗ್ರಂಥಿ ಕುಗ್ತದೆ. ಗುದದ ಸುತ್ತ ಆಗುವ ಗಂಟು, ಪಕ್ಕದಲ್ಲಿ ಹರ್ನಿಯಾ ಇಳಿಯುದು, ಇವೂ ಕಡಿಮೆ. ಇನ್ನು ಊರು ಸುತ್ತುವ ನಾಯಿಗಳಿಗೆ ನಮ್ಮಲ್ಲಿ ಕೂಡುವಾಗ ಹರಡುವ ಗಡ್ಡೆ ಒಂದುಂಟು, ಟಿವಿಟಿ ಅಂತಾರೆ, ಗುಪ್ತಾಂಗದ ಚೀಲದೊಳಗೆ ಹೂಕೋಸಿನ ಹಾಗೆ ಕೆಂಪಗೆ ಬೆಳೀತದೆ, ಹೊರಗೆ ಕಾಣುದು ಬರೀ ಎರಡು ಹನಿ ರಕ್ತ. ಮನೆಯವರು ಉಷ್ಣ ಆಗಿದೆ ಅಂತ ಮಜ್ಜಿಗೆ ಕೊಡ್ತಾ ಇರ್ತಾರೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ರೆ ಹೆಚ್ಚಿನವು ಗುಣ ಆಗ್ತವೆ, ಆದ್ರೆ ಮೊದ್ಲು ಯಾರಾದ್ರೂ ನೋಡ್ಬೇಕಲ್ಲ. ಜಾಕಿ ಮೂರು ದಿನ ಹೊರಗಿದ್ದವ, ಆಪರೇಷನ್ನಿಗೆ ಹೋಗುವಾಗ ಅಲ್ಲಿಯೂ ತೆರೆದು ನೋಡ್ಲಿಕ್ಕೆ ಹೇಳಿ.

ಇನ್ನೊಂದು ಕಡೆ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ರಿಂದ ತಪ್ಪುದಿಲ್ಲ, ಆಪರೇಷನ್ ಆದ ನಾಯಿಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ಕಾಣ್ತದೆ, ಆದ್ರೆ ಒಟ್ಟಾರೆ ಅಪರೂಪದ ಕಾಯಿಲೆ. ಲ್ಯಾಬ್, ಗೋಲ್ಡನ್, ಶೆಫರ್ಡ್ ಹೀಗೆ ದೊಡ್ಡ ಜಾತಿಗಳಿಗೆ ಒಂದು ವರ್ಷದೊಳಗೆ ಮಾಡಿದ್ರೆ ಎಲುಬಿನ ಕೀಲುಗಳ ತೊಂದರೆ ಹೆಚ್ಚು ಅಂತ ಅಧ್ಯಯನಗಳು ಬಂದಿವೆ, ಅದು ಎಲುಬು ಬೆಳೀತಾ ಇರುವ ಮರಿಗಳ ವಿಷಯ, ಜಾಕಿಯ ಎಲುಬು ಬೆಳೆದು ಮುಗಿದು ವರ್ಷಗಳಾಯ್ತು. ನಿಜವಾಗಿ ನಿಮ್ಮ ಮನೆಯಲ್ಲಿ ಆಗುವ ತೊಂದರೆ ಅಂದ್ರೆ ಬೊಜ್ಜು. ಅದನ್ನು ಕೆಳಗೆ ಹೇಳ್ತೇನೆ.

ಅಷ್ಟರ ಮೇಲೂ ಮನೆಯಲ್ಲಿ ಒಪ್ಪಿಗೆ ಆಗದಿದ್ರೆ, ಚರ್ಮದ ಕೆಳಗೆ ಇಡುವ ಡೆಸ್ಲೊರೆಲಿನ್ ಇಂಪ್ಲಾಂಟ್ ಅಂತ ಉಂಟು, ಆರು ತಿಂಗಳದ್ದು, ಒಂದು ವರ್ಷದ್ದು. ಹಾಕಿದ ಮೊದಲ ಎರಡು ಮೂರು ವಾರ ಹಾರ್ಮೋನ್ ಏರ್ತದೆ, ಆಮೇಲೆ ಇಳೀತದೆ, ಆಪರೇಷನ್ ಆದ್ರೆ ಅವ ಹೇಗಿರ್ತಾನೆ ಅಂತ ಮೊದ್ಲೇ ನೋಡ್ಬಹುದು. ನಿಮ್ಮ ಡಾಕ್ಟ್ರ ಹತ್ರ ತರಿಸ್ಲಿಕ್ಕೆ ಆಗ್ತದಾ ಕೇಳಿ. ವಾಸೆಕ್ಟಮಿ ಮಾಡುವ ಅಂತ ಯಾರಾದ್ರೂ ಹೇಳಿದ್ರೆ ನಿಮಗೆ ಅದ್ರಿಂದ ಉಪಯೋಗ ಇಲ್ಲ, ಮರಿ ಆಗುದಿಲ್ಲ ಅಷ್ಟೇ, ಹಾರ್ಮೋನ್ ಹಾಗೇ ಇರ್ತದೆ, ಪಾಗಾರ ಹಾರುದೂ ಹಾಗೇ ಇರ್ತದೆ.

ಈಗ ಮಾಡಿಸುದು ಅಂತ ತೀರ್ಮಾನ ಆದ್ರೆ ರಕ್ತ ಪರೀಕ್ಷೆ ಬಿಟ್ಟು ಮಾಡಿಸ್ಲೇ ಬೇಡಿ. ನಮ್ಮ ಕರಾವಳಿಯಲ್ಲಿ ಉಣ್ಣಿ ಜ್ವರ ಇಲ್ಲದ ಊರಿಲ್ಲ, ಎರ್ಲಿಕಿಯಾ, ಬಬೇಸಿಯಾ ಎರಡೂ ಉಂಟು, ಎಷ್ಟೋ ನಾಯಿಗಳು ಅದನ್ನು ಒಳಗೆ ಇಟ್ಕೊಂಡು ತಿಂದು ಉಂಡು ಆರಾಮಾಗಿ ತಿರುಗ್ತಾ ಇರ್ತವೆ, ಹೊರಗೆ ಎಂತ ಗೊತ್ತಾಗುದಿಲ್ಲ, ಒಳಗೆ ಪ್ಲೇಟ್‌ಲೆಟ್ ಇಳಿದಿರ್ತದೆ. ಅಂಥ ನಾಯಿಗೆ ಚಾಕು ಹಾಕಿದ್ರೆ ರಕ್ತ ನಿಲ್ಲುದಿಲ್ಲ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಇಷ್ಟು ನೋಡ್ಲೇಬೇಕು, ಪ್ಲೇಟ್‌ಲೆಟ್ ಕಡಿಮೆ ಬಂದ್ರೆ ಜ್ವರಕ್ಕೆ ಮದ್ದು ಮಾಡಿ, ಮತ್ತೆ ಪರೀಕ್ಷೆ ಮಾಡಿ, ಆಮೇಲೆ ಆಪರೇಷನ್. ಮೊದಲೇ ಉಣ್ಣಿಗೆ ಮಾತ್ರೆಯೋ ಮದ್ದೋ ಹಾಕಿಸಿ, ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ ನೋಡಿ. ಡಾಕ್ಟ್ರ ಹತ್ರ ಕೇಳುವಾಗ ಯಾವ ಅನಸ್ತೇಶಿಯಾ, ಆಪರೇಷನ್ ಹೊತ್ತಲ್ಲಿ ಡ್ರಿಪ್ ಹಾಕ್ತೀರಾ, ನೋವಿಗೆ ಎಂತ ಕೊಡ್ತೀರಿ ಅಂತ ಕೇಳಿ, ಕೇಳಿದ್ರೆ ಒಳ್ಳೆ ಡಾಕ್ಟ್ರು ಬೇಜಾರು ಮಾಡುದಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್, ಬ್ರುಫೆನ್ ಮಾತ್ರೆ ಮನೆಯಲ್ಲಿದೆ ಅಂತ ನೀವಾಗಿ ಕೊಡ್ಲಿಕ್ಕಿಲ್ಲ.

ಯಾವಾಗ ಅಂದ್ರೆ, ನನಗೆ ಇಷ್ಟ ಡಿಸೆಂಬರಿಂದ ಫೆಬ್ರವರಿ. ಜೂನ್ ಜುಲೈಯಲ್ಲಿ ಮಾಡ್ಬಾರ್ದು ಅಂತಲ್ಲ, ಆದ್ರೆ ಅಂಗಳ ಒದ್ದೆ, ನೆಲ ಒದ್ದೆ, ಗಾಯ ಒಣಗುದಿಲ್ಲ, ನೊಣ ಕೂತು ಎರಡೇ ದಿನದಲ್ಲಿ ಹುಳ ಆಗ್ತದೆ. ಮಳೆಗಾಲದಲ್ಲೇ ಮಾಡಿಸ್ಬೇಕಾಗಿ ಬಂದ್ರೆ ಹೊಲಿಗೆ ತೆಗೆಯುವವರೆಗೆ ಮನೆಯ ಒಳಗೆ ಒಣ ಜಾಗದಲ್ಲೇ ಇಡ್ಬೇಕು. ಹೇಗೂ ಮುಂದಿನ ಚೌತಿಗೆ ಎರಡು ತಿಂಗಳಾದ್ರೂ ಮೊದ್ಲು ಮುಗಿಸಿ, ಯಾಕಂದ್ರೆ ಹಾರ್ಮೋನ್ ಕೆಲವೇ ದಿನದಲ್ಲಿ ಇಳಿದ್ರೂ ಚಾಳಿ ಇಳೀಲಿಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು, ಮತ್ತೆ ಆಪರೇಷನ್ ಆದ ಮೇಲೂ ಮೊದಲ ಒಂದೂವರೆ ತಿಂಗಳು ನಾಳದಲ್ಲಿ ಉಳಿದ ವೀರ್ಯದಿಂದ ಹೆಣ್ಣು ನಾಯಿಗೆ ಗಬ್ಬ ಆಗ್ಬಹುದು. ಅಷ್ಟು ಸಮಯ ಹೊರಗೆ ಬಿಡ್ಲೇಬೇಡಿ. ಪಾಗಾರ ತಗ್ಗು ಇರುವ ಕಡೆ ಮೇಲೆ ಬಲೆ ಹಾಕಿಸುದು ಇದರ ಜೊತೆ ಮಾಡುವ ಕೆಲಸ, ಇದರ ಬದಲು ಅಲ್ಲ.

ಊಟ. ಆಪರೇಷನ್ ಆದ ಮೇಲೆ ದೇಹಕ್ಕೆ ಬೇಕಾಗುವ ಆಹಾರ ಸುಮಾರು ನೂರಕ್ಕೆ 20ರಿಂದ 30ರಷ್ಟು ಕಡಿಮೆ ಆಗ್ತದೆ, ಹಸಿವು ಮಾತ್ರ ಹೆಚ್ಚಾಗ್ತದೆ. ನಮ್ಮ ಕಡೆ ನಾಯಿ ಊಟ ಅಂದ್ರೆ ಕುಚ್ಚಲಕ್ಕಿ ಅನ್ನಕ್ಕೆ ಬೂತಾಯಿ ಮೀನಿನ ತಲೆ ಬೇಯಿಸಿ ಹಾಕುದು, ಮಧ್ಯಾಹ್ನ ಉಳಿದ ಪದಾರ್ಥ, ಸಂಜೆ ಚಾಕ್ಕೆ ಅದ್ದಿದ ಬಿಸ್ಕೆಟ್. ಅನ್ನವನ್ನು ಈಗ ಹಾಕುವ ಅಳತೆಯಿಂದ ಕಾಲು ಭಾಗ ಕಮ್ಮಿ ಮಾಡಿ, ಮೀನು, ಮೊಟ್ಟೆ ಹಾಗೇ ಇರ್ಲಿ, ಬಿಸ್ಕೆಟ್ ನಿಲ್ಲಿಸಿ, ಹೊಟ್ಟೆ ತುಂಬ್ಲಿಕ್ಕೆ ಬೇಯಿಸಿದ ಕುಂಬಳ, ಬೀನ್ಸ್ ಸೇರಿಸಿ. ತಿಂಗಳಿಗೊಮ್ಮೆ ಪಕ್ಕೆಲುಬು ಮುಟ್ಟಿ ನೋಡಿ, ಒತ್ತದೆ ಸಿಗ್ಬೇಕು. ಆಪರೇಷನ್ ಆದ ನಾಯಿ ದಪ್ಪ ಆಗ್ತದೆ ಅಂತ ಊರಲ್ಲಿ ಹೇಳ್ತಾರಲ್ಲ, ಅದು ಅನ್ನದಿಂದ ಆಗುದು. ಅಮ್ಮನಿಗೆ ಇದನ್ನು ನೀವೇ ಪ್ರೀತಿಯಲ್ಲಿ ಹೇಳ್ಬೇಕು.

ಆಪರೇಷನ್ ದಿನ ಹಿಂದಿನ ರಾತ್ರಿ ಊಟ ಬೇಗ ಕೊಟ್ಟು ಆಮೇಲೆ ಎಂತದೂ ಕೊಡ್ಬೇಡಿ, ನೀರು ಬೆಳಿಗ್ಗೆವರೆಗೆ ಇರ್ಲಿ. ಹೆಚ್ಚಾಗಿ ಸಂಜೆಗೆ ಮನೆಗೆ ಕಳಿಸ್ತಾರೆ. ಆ ರಾತ್ರಿ ತೂರಾಡ್ತಾನೆ, ಮೆಟ್ಟಿಲು ಬಾವಿಕಟ್ಟೆ ಹತ್ರ ಬಿಡ್ಬೇಡಿ. ಕುತ್ತಿಗೆಗೆ ಕೋನ್ ಹಾಕಿ ಕಳಿಸಿದ್ರೆ ಹತ್ತರಿಂದ ಹದಿನಾಲ್ಕು ದಿನ ಅದು ಇರ್ಲೇಬೇಕು, ಪಾಪ ಅಂತ ರಾತ್ರಿ ತೆಗೆದ್ರೆ ಬೆಳಿಗ್ಗೆಗೆ ಹೊಲಿಗೆ ನೆಕ್ಕಿ ಬಿಡಿಸಿರ್ತಾನೆ. ಸ್ನಾನ ಇಲ್ಲ, ಓಟ ಇಲ್ಲ, ಬೆಲ್ಟ್ ಹಾಕಿ ಹತ್ತು ನಿಮಿಷ ನಡೆಸಿದ್ರೆ ಸಾಕು, ದೊಡ್ಡ ಪ್ರಾಯದ ನಾಯಿಗಳು ಬೇಗ ಓಡಾಡಿದ್ರೆ ಖಾಲಿ ಚೀಲದೊಳಗೆ ರಕ್ತ ತುಂಬಿ ಊದ್ತದೆ. ಸ್ವಲ್ಪ ಬಾತಿರುದು ಎರಡು ಮೂರು ದಿನ ಸಹಜ. ಚೀಲ ಮೊದಲಿನ ಗಾತ್ರಕ್ಕಿಂತ ದೊಡ್ಡದಾಗಿ ನೇರಳೆ ಬಣ್ಣಕ್ಕೆ ತಿರುಗಿದ್ರೆ, ಹನಿ ಹನಿ ರಕ್ತ ನಿಲ್ಲದೆ ಇದ್ರೆ, ವಾಸನೆ ಬಂದ್ರೆ, ಮರುದಿನವೂ ಊಟ ಮುಟ್ಟದೆ ವಸಡು ಬಿಳಿಚಿದ್ರೆ, ಬೆಳಿಗ್ಗೆ ನೋಡುವ ಅಂತ ಕಾಯ್ಬೇಡಿ, ಆಪರೇಷನ್ ಮಾಡಿದ ಡಾಕ್ಟ್ರಿಗೆ ಆಗಲೇ ಫೋನ್ ಮಾಡಿ.